ಸೈನಿಕನ ಹಳೆಯ ಕಡತ ಓದುವ ಬಗೆ

ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಅಡಂಗಲ್, ಪಟ್ಟಾ, ಗೇಣಿ ಚೀಟಿ, ಭೂನ್ಯಾಯ ಮಂಡಳಿಯ ತೀರ್ಪು ಇವುಗಳ ನಡುವೆಯೇ ನನ್ನ ಆಯುಷ್ಯ ಕಳೆಯಿತು. ಕಳೆದ ಜನವರಿಯಲ್ಲಿ ಮೆಲ್ಬರ್ನ್‌ನಿಂದ ಮಗಳ ಸಂಸಾರ ಬ್ರಹ್ಮಾವರದ ಮನೆಗೆ ರಜೆಗೆ ಬಂದಾಗ ಹನ್ನೊಂದು ವರ್ಷದ ಮೊಮ್ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಜಗಲಿಗೆ ಬಂದಳು. "ಅಜ್ಜಿ, ನಿಮಗೆ ಹಳೇ ಕಾಗದ ಓದ್ಲಿಕ್ಕೆ ಬರ್ತದಲ್ಲ, ಇದು ಓದಿ" ಎಂದಳು. ಅವಳ ಅಪ್ಪನ ಮುತ್ತಜ್ಜ ಆಸ್ಟ್ರೇಲಿಯಾದ ಸೈನ್ಯ ಸೇರಿ ಮೊದಲ ಮಹಾಯುದ್ಧಕ್ಕೆ ಹೋದವರಂತೆ. ಶಾಲೆಯಲ್ಲಿ ಅವರ ಬಗ್ಗೆ ನಾಲ್ಕು ಪುಟ ಬರೆಯಬೇಕಿತ್ತು. ಪರದೆಯ ಮೇಲೆ 38 ಪುಟಗಳ ಕಡತ. ಮೊದಲ ಪುಟದಲ್ಲಿ ಕಸುಬು ಎಂಬ ಪ್ರಶ್ನೆಯ ಮುಂದೆ 'ಫಾರ್ಮ್ ಲೇಬರರ್' ಎಂದು ಬರೆದಿತ್ತು. ಬೇರೆಯವರ ಹೊಲದಲ್ಲಿ ದುಡಿಯುವ ಆಳು.

ಎಂಟು ದಿನ ಕೂತು ಆ ಕಡತವನ್ನು ಓದಿ ಮುಗಿಸಿದೆವು. ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಈಗ ಆಸ್ಟ್ರೇಲಿಯಾದಲ್ಲಿದ್ದಾರೆ, ಅಲ್ಲಿಯವರೊಡನೆ ನಂಟಸ್ತನವೂ ಆಗಿದೆ. ಅಂಥ ಮನೆಯವರಿಗೆ ಉಪಯೋಗವಾಗಲಿ ಎಂದು ನಾವು ಓದಿದ ಕ್ರಮವನ್ನು ಬರೆಯುತ್ತಿದ್ದೇನೆ. ಹೆಸರು ಮತ್ತು ಬೆಟಾಲಿಯನ್ ಸಂಖ್ಯೆ ಹಾಕುವುದು ಬೇಡ ಎಂದು ಅಳಿಯ ಹೇಳಿದ್ದಾನೆ, ಹಾಕಿಲ್ಲ.

ಮೊದಲು ಕಡತ ಹುಡುಕಬೇಕು. ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರದಲ್ಲಿ ಮೊದಲ ಮಹಾಯುದ್ಧದ ಸೈನಿಕರ ಕಡತಗಳು 'ಬಿ 2455' ಎಂಬ ಸರಣಿಯಲ್ಲಿವೆ. ಮೂರೂವರೆ ಲಕ್ಷಕ್ಕೂ ಹೆಚ್ಚು ಕಡತಗಳನ್ನು ಪೂರ್ತಿ ಸ್ಕ್ಯಾನ್ ಮಾಡಿ 'ರೆಕಾರ್ಡ್‌ಸರ್ಚ್' ಎಂಬ ಅವರ ಹುಡುಕು ಪುಟದಲ್ಲಿ ಇಟ್ಟಿದ್ದಾರೆ. ದುಡ್ಡು ಕೊಡಬೇಕಾಗಿಲ್ಲ, ಇಲ್ಲಿಂದಲೇ ನೋಡಬಹುದು. ಹೆಸರು ಹಾಕಿ, ಮೊದಲ ಮಹಾಯುದ್ಧ ಎಂಬ ವಿಭಾಗ ಆರಿಸಿ ಹುಡುಕಿ. ಒಂದೇ ಹೆಸರಿನ ಇಪ್ಪತ್ತು ಜನ ಬಂದರೆ ಹುಟ್ಟಿದ ಊರು ಮತ್ತು ಹತ್ತಿರದ ಸಂಬಂಧಿಯ ಹೆಸರು ಎರಡೂ ತಾಳೆಯಾಗುವ ಕಡತವೇ ನಿಮ್ಮದು. ಒಂದು ಮಾತ್ರ ಹೊಂದಿದರೆ ಸಾಲದು. ಹೆಸರೇ ಸಿಗದಿದ್ದರೆ ಅಕ್ಷರ ಬದಲಿಸಿ ನೋಡಿ. ಬರೆದುಕೊಂಡ ಗುಮಾಸ್ತ ಕಿವಿಗೆ ಕೇಳಿದ ಹಾಗೆ ಬರೆದಿರುತ್ತಾನೆ. ಸುಳ್ಳು ಹೆಸರಿನಲ್ಲಿ ಸೇರಿದವರೂ ಇದ್ದರು.

ಎರಡನೇ ಮಹಾಯುದ್ಧದವರಾದರೆ ಸರಣಿ ಬೇರೆ, ಕಡಲಾಚೆ ಸೇವೆಗೆ ಸೇರಿದವರದ್ದು ಬಿ 883. ಅವರ ನಂಬರಿನ ಮೊದಲು ರಾಜ್ಯದ ಅಕ್ಷರ ಇರುತ್ತದೆ: ವಿಕ್ಟೋರಿಯಾಕ್ಕೆ ವಿ, ನ್ಯೂ ಸೌತ್ ವೇಲ್ಸ್‌ಗೆ ಎನ್. ಅದರ ಪಕ್ಕದಲ್ಲಿ ಎಕ್ಸ್ ಕಂಡರೆ ಕಡಲಾಚೆ ಸೇವೆಗೆ ಒಪ್ಪಿ ಸೇರಿದವರು ಎಂದು ಅರ್ಥ. ಆ ಕಡತದಲ್ಲಿ 1942ರ ಫೆಬ್ರವರಿಯಿಂದ 1945ರ ಆಗಸ್ಟ್‌ವರೆಗೆ ಹೆಚ್ಚುಕಡಿಮೆ ಏನೂ ಬರೆದಿಲ್ಲದಿದ್ದರೆ ಸಿಂಗಾಪುರದ ನೆನಪಾಗಬೇಕು. 1942ರ ಫೆಬ್ರವರಿ 15ರಂದು ಅಲ್ಲಿ ಸುಮಾರು 15,000 ಆಸ್ಟ್ರೇಲಿಯನ್ನರು ಜಪಾನೀಯರ ಕೈಗೆ ಸೆರೆಸಿಕ್ಕರು. ಅವರ ಜೊತೆ ನಮ್ಮ ದೇಶದ ಸಿಪಾಯಿಗಳೂ ಸಾವಿರಗಟ್ಟಲೆ ಇದ್ದರು.

ಕಡತ ತೆರೆದ ಕೂಡಲೇ ಕಥೆ ಹುಡುಕಬೇಡಿ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಹಿರಿಯ ಗುಮಾಸ್ತರೊಬ್ಬರು ಕಲಿಸಿದ್ದು ಇದು: ಯಾವ ಕಾಗದ ಕೈಗೆ ಬಂದರೂ ಇದನ್ನು ಯಾರು ಬರೆದರು, ಯಾವತ್ತು ಬರೆದರು, ಯಾರ ಅಗತ್ಯಕ್ಕೆ ಬರೆದರು ಎಂದು ಮೊದಲು ಕೇಳು. ಒಂದು ನೋಟ್‌ಬುಕ್ಕಿನಲ್ಲಿ ಪುಟ ಸಂಖ್ಯೆ ಹಾಕಿ, ಪುಟಕ್ಕೊಂದು ಸಾಲಿನಂತೆ ಈ ಮೂರನ್ನು ಬರೆಯಿರಿ. ಕಡತದ ಪುಟಗಳು ತಾರೀಕಿನ ಕ್ರಮದಲ್ಲಿ ಇರುವುದಿಲ್ಲ. ನಮ್ಮ ಕಡತದ ಮೂರನೇ ಪುಟವೇ 1930ರ ದಶಕದ ಒಂದು ಪತ್ರ. ಹಾಗಾಗಿ ಆ ನೋಟ್‌ಬುಕ್ಕು ಇಲ್ಲದಿದ್ದರೆ ಎರಡನೇ ದಿನವೇ ದಾರಿ ತಪ್ಪುತ್ತದೆ.

ಅತಿ ಮುಖ್ಯವಾದ ಕಾಗದ ಸೇರುವಾಗ ತುಂಬುವ 'ಅಟೆಸ್ಟೇಷನ್ ಪೇಪರ್'. ಹೆಸರು, ಹುಟ್ಟಿದ ಊರು, ವಯಸ್ಸು, ಕಸುಬು, ಮದುವೆ, ಹತ್ತಿರದ ಸಂಬಂಧಿ, ಹಿಂದೆ ಶಿಕ್ಷೆ ಆಗಿದೆಯೋ ಇತ್ಯಾದಿ ಪ್ರಶ್ನೆ. ಹಿಂದಿನ ಪುಟದಲ್ಲಿ ಎತ್ತರ, ತೂಕ, ಎದೆಯ ಸುತ್ತಳತೆ, ಮೈಬಣ್ಣ, ಕಣ್ಣು, ಕೂದಲು, ಧರ್ಮ, ಮೈಮೇಲಿನ ಗುರುತು. ಆ ಕಾಲದ ಕೂಲಿಯಾಳಿನ ಫೋಟೋ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಅಳಿಯನ ಮನೆಯಲ್ಲಂತೂ ಇಲ್ಲ. ಈ ಪುಟವೇ ಅವರಿಗೆ ಫೋಟೋ. ವಯಸ್ಸು 22, ಎತ್ತರ 5 ಅಡಿ 4 ಅಂಗುಲ, ತೂಕ 128 ಪೌಂಡ್ ಅಂದರೆ 58 ಕಿಲೋ, ಕಣ್ಣು ನೀಲಿ, ಎಡಗೈ ಹೆಬ್ಬೆರಳಲ್ಲಿ ಹಳೆಯ ಗಾಯದ ಕಲೆ. ಕೊಯ್ಲಿನ ಕತ್ತಿಯದ್ದಿರಬೇಕು ಎಂದು ಮೊಮ್ಮಗಳು ಹೇಳಿದಳು. ಇರಬಹುದು, ಆದರೆ ಕಾಗದ ಹಾಗೆ ಹೇಳಿಲ್ಲ. ನೋಟ್‌ಬುಕ್ಕಿನಲ್ಲಿ ಕಾಗದ ಹೇಳಿದ್ದನ್ನು ಬಲಪುಟಕ್ಕೂ ನಮ್ಮ ಊಹೆಯನ್ನು ಎಡಪುಟಕ್ಕೂ ಬರೆಯುವ ಕ್ರಮ ಆಗಲೇ ಶುರು ಮಾಡಿದೆವು. ನೀವೂ ಹಾಗೆಯೇ ಮಾಡಿ.

ಈ ಕಾಗದದ ಒಂದು ಪ್ರಶ್ನೆಯನ್ನು ಹೆಚ್ಚಿನವರು ಓದದೆ ದಾಟಿಬಿಡುತ್ತಾರೆ. ಸೇವೆಗೆ ಅನರ್ಹರೆಂದು ಹಿಂದೆ ನಿಮ್ಮನ್ನು ತಿರಸ್ಕರಿಸಿದ್ದು ಉಂಟೋ, ಯಾವ ಕಾರಣಕ್ಕೆ ಎಂಬ ಪ್ರಶ್ನೆ. ನಮ್ಮವರ ಉತ್ತರ: 'ಹೌದು, ಎತ್ತರ'. ಅವರು ಸೇರಿದ್ದು 1916ರ ನವೆಂಬರಿನಲ್ಲಿ. 1914ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾ ಸೈನ್ಯ ಕಟ್ಟುವಾಗ ಕನಿಷ್ಠ ಎತ್ತರ 5 ಅಡಿ 6 ಅಂಗುಲ ಬೇಕಿತ್ತು. ತುರ್ಕಿಯ ಗಲ್ಲಿಪೊಲಿಯ ಯುದ್ಧದಲ್ಲಿ ಜನ ಸಾಯತೊಡಗಿದ ಮೇಲೆ 1915ರ ಜೂನ್‌ನಲ್ಲಿ ಅದನ್ನು 5 ಅಡಿ 2 ಅಂಗುಲಕ್ಕೆ ಇಳಿಸಿದರು, 1917ರಲ್ಲಿ 5 ಅಡಿಗೆ. ಎರಡಂಗುಲ ಕಡಿಮೆ ಎಂದು ಒಮ್ಮೆ ಮನೆಗೆ ಕಳಿಸಿದ ಅದೇ ಮನುಷ್ಯನನ್ನು ಮತ್ತೆ ಬಂದಾಗ ಸೇರಿಸಿಕೊಂಡರು. ಯಾರ ಒತ್ತಾಯವೂ ಕಾನೂನಿನ ಮಟ್ಟಿಗೆ ಇರಲಿಲ್ಲ. ಕಡ್ಡಾಯ ಸೇವೆ ಬೇಕೋ ಎಂದು 1916ರಲ್ಲೂ 1917ರಲ್ಲೂ ಜನಮತ ಕೇಳಿದರು, ಎರಡು ಸಲವೂ ಜನ ಬೇಡ ಅಂದರು. ಕಡಲಾಚೆ ಹೋದ ಸುಮಾರು 3,30,000 ಮಂದಿಯೂ ತಾವಾಗಿ ಸಹಿ ಹಾಕಿದವರು. ಅವರಲ್ಲಿ 60,000ಕ್ಕೂ ಹೆಚ್ಚು ಜನ ತಿರುಗಿ ಬರಲಿಲ್ಲ.

ಯಾಕೆ ಸೇರಿದರು ಎಂದು ಕಡತ ಹೇಳುವುದಿಲ್ಲ. ಸಂಬಳದ ಲೆಕ್ಕ ಮಾತ್ರ ನಾವು ಮಾಡಬಹುದು. ಆಸ್ಟ್ರೇಲಿಯಾದ ಸಾಮಾನ್ಯ ಸೈನಿಕನಿಗೆ ದಿನಕ್ಕೆ 6 ಶಿಲಿಂಗ್. ಅದರಲ್ಲಿ 5 ಕೈಗೆ, ಒಂದು ಶಿಲಿಂಗ್ ಬಿಡುಗಡೆಯ ದಿನದವರೆಗೆ ಸರಕಾರದ ಬಳಿ. ಆಗ ಒಂದು ರೂಪಾಯಿಗೆ 16 ಪೆನ್ಸ್, ಶಿಲಿಂಗಿಗೆ 12 ಪೆನ್ಸ್. ಹಾಗಾದರೆ ದಿನಕ್ಕೆ ನಾಲ್ಕೂವರೆ ರೂಪಾಯಿ, ತಿಂಗಳಿಗೆ 135. ಅದೇ ಯುದ್ಧಕ್ಕೆ ನಮ್ಮ ನಾಡಿನಿಂದ ಹೋದ ಸಿಪಾಯಿಯ ತಿಂಗಳ ಸಂಬಳ 11 ರೂಪಾಯಿ. ಈ ಎರಡು ಅಂಕಿಗಳನ್ನು ಮೊಮ್ಮಗಳು ಒಂದರ ಕೆಳಗೆ ಒಂದು ಬರೆದು ಸ್ವಲ್ಪ ಹೊತ್ತು ನೋಡುತ್ತಾ ಕೂತಳು. ನಾನೂ ಕೂತೆ.

ಮುಂದಿನದು ಬಿ 103 ಎಂಬ ನಮೂನೆ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ತಲೆಯಲ್ಲೇ 'ಕ್ಯಾಜುವಲ್ಟಿ ಫಾರ್ಮ್' ಎಂದು ದೊಡ್ಡದಾಗಿ ಅಚ್ಚಾಗಿದೆ. ನನ್ನ ಮಗಳು ಅದನ್ನು ನೋಡಿ "ಇವರು ಸತ್ತಿದ್ದರಾ?" ಎಂದು ಗಾಬರಿಯಾದಳು. ಸೈನ್ಯದ ಭಾಷೆಯಲ್ಲಿ ಆ ಪದಕ್ಕೆ ಅರ್ಥ ವಿಶಾಲ. ವರ್ಗಾವಣೆ, ಬಡ್ತಿ, ಜ್ವರ, ರಜೆ, ದಂಡ, ಗಾಯ, ಸಾವು, ಹೀಗೆ ಸೈನಿಕನ ಲೆಕ್ಕದಲ್ಲಿ ಆದ ಬದಲಾವಣೆ ಎಲ್ಲವೂ ಅದೇ. ನಮ್ಮಲ್ಲಿ ನೌಕರರ ಸರ್ವಿಸ್ ರಿಜಿಸ್ಟರ್ ಇದ್ದ ಹಾಗೆ ಅದನ್ನು ಓದಬೇಕು.

ಅದರಲ್ಲಿ ತಾರೀಕು ಎರಡು ಕಡೆ ಇರುತ್ತದೆ. ಎಡಗಡೆಯದು ವರದಿ ಬಂದ ದಿನ, ಬಲಗಡೆಯದು ಘಟನೆ ನಡೆದ ದಿನ. ನಿಮಗೆ ಬೇಕಾದದ್ದು ಬಲಗಡೆಯದು. ನಮ್ಮವರಿಗೆ ಗಾಯವಾದದ್ದು 4.10.17, ವರದಿಯ ತಾರೀಕು 9.10.17. ಅಳಿಯನ ಮನೆಯಲ್ಲಿ ಇಷ್ಟು ವರ್ಷ ಒಂಬತ್ತನೇ ತಾರೀಕು ಎಂದೇ ನಂಬಿಕೊಂಡಿದ್ದರು. ಸ್ಥಳದ ಕಾಲಂನಲ್ಲಿ 'ಇನ್ ದ ಫೀಲ್ಡ್' ಎಂದಷ್ಟೇ ಇದ್ದರೆ ಯುದ್ಧಭೂಮಿ ಎಂದು ಅರ್ಥ, ಊರಿನ ಹೆಸರು ಸಿಗುವುದಿಲ್ಲ. ಅದನ್ನು ಹುಡುಕುವ ದಾರಿ ಮುಂದೆ ಹೇಳುತ್ತೇನೆ.

ಕುಗ್ಗಿಸಿದ ಅಕ್ಷರಗಳು ಹೆದರಿಸುತ್ತವೆ. ಒಂಬತ್ತು ಗೊತ್ತಿದ್ದರೆ ಕೆಲಸ ನಡೆಯುತ್ತದೆ. ಟಿ.ಓ.ಎಸ್. ಎಂದರೆ ಆ ದಳದ ಹಾಜರಿಗೆ ಸೇರಿಸಿಕೊಂಡರು. ಸಿ.ಸಿ.ಎಸ್. ಎಂದರೆ ಯುದ್ಧರಂಗದ ಹಿಂದಿನ ಚಿಕಿತ್ಸಾ ಠಾಣೆ. ಎನ್.ವೈ.ಡಿ. ರೋಗ ಇನ್ನೂ ಗೊತ್ತಾಗಿಲ್ಲ, ಪಿ.ಯು.ಓ. ಕಾರಣ ತಿಳಿಯದ ಜ್ವರ. ಕೆ.ಐ.ಎ. ಹೋರಾಟದಲ್ಲಿ ಮಡಿದವರು, ಡಿ.ಓ.ಡಬ್ಲ್ಯು. ಗಾಯದಿಂದ ಆಮೇಲೆ ತೀರಿಕೊಂಡವರು. ಆರ್.ಟಿ.ಎ. ಆಸ್ಟ್ರೇಲಿಯಾಕ್ಕೆ ವಾಪಸು. ಎ.ಡಬ್ಲ್ಯು.ಎಲ್. ರಜೆ ಇಲ್ಲದೆ ಗೈರು. ಜಿ.ಎಸ್.ಡಬ್ಲ್ಯು. ಎಂಬುದಕ್ಕೆ ಗುಂಡಿನ ಗಾಯ ಎಂದು ಅರ್ಥವಾದರೂ ಶೆಲ್ಲಿನ ಚೂರು ತಾಗಿದ್ದಕ್ಕೂ ಅದನ್ನೇ ಬರೆಯುತ್ತಿದ್ದರು. ಆದ್ದರಿಂದ 'ಗುಂಡು ತಾಗಿತು' ಎಂದು ಖಚಿತವಾಗಿ ಬರೆಯಬೇಡಿ. ಕೈಬರಹ ಓದಲಾಗದಿದ್ದರೆ ಅದೇ ಗುಮಾಸ್ತ ಬೇರೆ ಸಾಲಿನಲ್ಲಿ ಬರೆದ, ನಿಮಗೆ ಖಂಡಿತ ಗೊತ್ತಿರುವ ಪದ ಹುಡುಕಿ. ಅವನ ಆರ್ ಹೇಗಿದೆ, ಎಸ್ ಹೇಗಿದೆ ಎಂದು ಕಾಗದದಲ್ಲಿ ಬರೆದಿಟ್ಟುಕೊಂಡು ಹೋಲಿಸಿ. ಶಾನುಭಾಗರ ಮೋಡಿ ಅಕ್ಷರವನ್ನು ನಾವು ಕಲಿತದ್ದೂ ಹೀಗೆಯೇ.

ಹಡಗಿನ ಸಾಲನ್ನು ಮಾತ್ರ ದಾಟಿ ಹೋಗಬೇಡಿ. ನಮ್ಮ ಕಡತದಲ್ಲಿ ಇದ್ದದ್ದು ಇಷ್ಟು: ಮೆಲ್ಬರ್ನ್‌ನಲ್ಲಿ ಹತ್ತಿದ್ದು 19.2.17, ಹಡಗು 'ಎ 70', ಇಂಗ್ಲೆಂಡಿನಲ್ಲಿ ಇಳಿದದ್ದು 25.4.17. ನೋಡಿದರೆ ಒಣ ಸಾಲು. ಎ ಅಕ್ಷರದ ಮುಂದಿನ ಸಂಖ್ಯೆ ಸೈನ್ಯ ಸಾಗಿಸುವ ಹಡಗಿಗೆ ಕೊಟ್ಟ ನಂಬರ್. ಎ 70 ಎಂದರೆ 'ಬಲರಾಟ್'. ಆ ಹಡಗಿನ ಬಗ್ಗೆ ಹುಡುಕಿದಾಗ ನಮ್ಮ ಮೈ ಜುಮ್ಮೆಂದಿತು. 1917ರ ಏಪ್ರಿಲ್ 25, ಆಸ್ಟ್ರೇಲಿಯಾದ ಸೈನ್ಯ ಗಲ್ಲಿಪೊಲಿಯಲ್ಲಿ ಇಳಿದ ದಿನದ ಎರಡನೇ ವರ್ಷ. ಹಡಗಿನಲ್ಲಿ ಅದರ ಸ್ಮರಣೆಯ ಪ್ರಾರ್ಥನೆಗೆ ತಯಾರಿ ನಡೆದಿತ್ತು. ಇಂಗ್ಲಿಷ್ ಕಾಲುವೆಯ ಬಾಯಿಯಲ್ಲಿ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. 1,700ಕ್ಕೂ ಹೆಚ್ಚು ಜನ ಇದ್ದರು, ಒಬ್ಬರೂ ಸಾಯದೆ ಎಲ್ಲರನ್ನೂ ಬೇರೆ ಹಡಗುಗಳು ದಡ ಮುಟ್ಟಿಸಿದವು. ಹಡಗು ಮರುದಿನ ಮುಳುಗಿತು. ವಿಕ್ಟೋರಿಯಾದ ಕ್ಯಾಂಪರ್‌ಡೌನ್ ಕಡೆಯ ಹೊಲದಲ್ಲಿ ಹಾಲು ಕರೆಯುತ್ತಿದ್ದ ಹುಡುಗ, ಮೊದಲ ಸಲ ಕಡಲು ದಾಟಿದವನು. 'ಇಳಿದದ್ದು 25.4.17' ಎಂದು ಗುಮಾಸ್ತ ಬರೆದದ್ದರಲ್ಲಿ ಸುಳ್ಳಿಲ್ಲ, ಅವನಿಗೆ ಬೇಕಾದದ್ದು ಅಷ್ಟೇ. ಮಲ್ಪೆ, ಗಂಗೊಳ್ಳಿಯ ಮನೆಗಳಲ್ಲಿ ದೋಣಿ ಮಗುಚಿ ಬದುಕಿ ಬಂದವರ ಮಾತು ಕೇಳಿದವಳು ನಾನು. ಆ ಮಾತು ಯಾವ ರಿಜಿಸ್ಟರಿನಲ್ಲೂ ಇಲ್ಲ.

ಈಗ 'ಇನ್ ದ ಫೀಲ್ಡ್' ಎಲ್ಲಿ ಎಂದು ತಿಳಿಯುವ ಕ್ರಮ. ಪ್ರತಿ ಬೆಟಾಲಿಯನ್ನಿಗೂ ದಿನದಿನದ 'ವಾರ್ ಡೈರಿ' ಇತ್ತು. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್ ಅದನ್ನು ತಿಂಗಳುವಾರು ಸ್ಕ್ಯಾನ್ ಮಾಡಿ ಇಟ್ಟಿದೆ. ಗಾಯವಾದ ತಾರೀಕು ಹಿಡಿದು ಆ ತಿಂಗಳು ತೆರೆಯಿರಿ. ಅದಕ್ಕೆ ಮೊದಲು ಬಿ 103ರಲ್ಲಿ ಟಿ.ಓ.ಎಸ್. ಸಾಲು ನೋಡಿ ಆ ದಿನ ಅವರು ನಿಜವಾಗಿ ಆ ದಳದಲ್ಲೇ ಇದ್ದರೋ ಎಂದು ಖಚಿತ ಮಾಡಿಕೊಳ್ಳಿ. ಆಸ್ಪತ್ರೆಯಲ್ಲಿ ಮಲಗಿದ್ದವರನ್ನು ಯುದ್ಧದಲ್ಲಿ ಹೋರಾಡಿದವರು ಎಂದು ಕುಟುಂಬದ ಕಥೆಗಳಲ್ಲಿ ಬರೆದಿಡುವುದು ಇಲ್ಲೇ.

1917ರ ಅಕ್ಟೋಬರ್ 4 ಬೆಲ್ಜಿಯಂನ ಬ್ರೂಡ್‌ಸೈಂಡ್ ಕದನದ ದಿನ. ಬೆಳಿಗ್ಗೆ ಆರಕ್ಕೆ ಆಸ್ಟ್ರೇಲಿಯನ್ನರು ಏರಿ ಹೋಗಬೇಕಿತ್ತು. ಅದಕ್ಕೆ ಅರ್ಧ ಗಂಟೆ ಮೊದಲೇ ಮಳೆಯಲ್ಲಿ ಕಾದು ಮಲಗಿದ್ದವರ ಮೇಲೆ ಜರ್ಮನ್ ಫಿರಂಗಿಗಳು ಸುರಿದವು. ಎಷ್ಟೋ ಜನ ಎದ್ದು ನಿಲ್ಲುವ ಮೊದಲೇ ಬಿದ್ದರು. ನಮ್ಮವರು ಆರಕ್ಕೆ ಮೊದಲು ಬಿದ್ದರೋ ಆಮೇಲೋ ಎಂದು ಡೈರಿಯಲ್ಲಿ ಇಲ್ಲ. ಡೈರಿಯಲ್ಲಿ ಅಧಿಕಾರಿಗಳ ಹೆಸರಿರುತ್ತದೆ, ಸಾಮಾನ್ಯ ಸೈನಿಕರು ಲೆಕ್ಕವಾಗಿ ಬರುತ್ತಾರೆ. ಆ ದಿನದ ಗಾಯಾಳುಗಳ ಸಂಖ್ಯೆಯ ಒಳಗೆ ಎಲ್ಲೋ ಇವರೂ ಒಬ್ಬರು.

ಮಡಿದವರ ಅಥವಾ ಕಾಣೆಯಾದವರ ಬಗ್ಗೆ ಹುಡುಕುವವರಿಗೆ ಇನ್ನೊಂದು ದಾರಿ ಉಂಟು. ರೆಡ್ ಕ್ರಾಸ್‌ನವರು ಆಸ್ಪತ್ರೆ ಆಸ್ಪತ್ರೆಗೆ ಹೋಗಿ ಜೊತೆಗಾರರನ್ನು ಕೇಳಿ ಬರೆದುಕೊಂಡ 32,000ಕ್ಕೂ ಹೆಚ್ಚು ಕಡತಗಳು ಅದೇ ಮೆಮೋರಿಯಲ್‌ನಲ್ಲಿವೆ. 'ನಾನು ಕಂಡದ್ದು ಹೀಗೆ' ಎಂದು ಹೇಳಿದ ಮಾತುಗಳು ಅವು. ಒಬ್ಬನ ಬಗ್ಗೆ ಮೂವರು ಮೂರು ಥರ ಹೇಳಿದ್ದರೆ ಮೂರನ್ನೂ ಬರೆದುಕೊಳ್ಳಿ. ಊರಿನ ಸುದ್ದಿಗೆ ಅವರ ರಾಷ್ಟ್ರೀಯ ಗ್ರಂಥಾಲಯದ 'ಟ್ರೋವ್' ನೋಡಿ. ಸಣ್ಣ ಊರುಗಳ ಎಷ್ಟೋ ಹಳೆಯ ಪತ್ರಿಕೆಗಳು ಅಲ್ಲಿವೆ. ನಮಗೆ ಒಂದು ಬೀಳ್ಕೊಡುಗೆಯ ಸುದ್ದಿ ಸಿಕ್ಕಿತು: ಊರ ಸಭಾಭವನದಲ್ಲಿ ಕುಣಿತ, ಊಟ, ಹೊರಡುವ ನಾಲ್ವರಿಗೆ ಕೈಗಡಿಯಾರ.

ಕಡತದ ಹಿಂದಿನ ಪುಟಗಳನ್ನು ಪುರವಣಿ ಎಂದು ಬಿಟ್ಟುಬಿಡಬೇಡಿ. ಮನೆಯವರು ಬರೆದ ಪತ್ರಗಳು ಅಲ್ಲೇ ಸಿಗುವುದು. ನಮ್ಮವರ ತಾಯಿ ಪೆನ್ಸಿಲಿನಲ್ಲಿ ಬರೆದ ಎರಡು ಪತ್ರ ಇದ್ದವು. ಗಾಯವಾದ ತಂತಿ ಬಂದು ಏಳು ವಾರವಾಯಿತು, ಯಾವ ಆಸ್ಪತ್ರೆ ಎಂದು ತಿಳಿಸಿದರೆ ಉಪಕಾರ ಎಂದು ಒಂದರಲ್ಲಿ. ಉತ್ತರ ಟೈಪ್ ಮಾಡಿದ್ದು: ಹೆಚ್ಚಿನ ವರದಿ ಬಂದಿಲ್ಲ. ಆ ಸಾಲು ನನಗೆ ಚೆನ್ನಾಗಿ ಗೊತ್ತು. 'ಕಡತದಲ್ಲಿ ಲಭ್ಯವಿಲ್ಲ' ಎಂಬ ಷರಾ ನನ್ನ ಕೈಯಿಂದಲೇ ಎಷ್ಟು ಸಾವಿರ ಸಲ ಹೋಗಿದೆಯೋ. ಆ ತಾಯಿಯ ಪತ್ರವನ್ನು ಮೊಮ್ಮಗಳು ಗಟ್ಟಿಯಾಗಿ ಓದಿದಾಗ ನಾನು ಎದ್ದು ಒಳಗೆ ಹೋದೆ.

ಓದುವಾಗ ಮನೆಯ ಹಿರಿಯರ ಮುಂದೆ ಸ್ವಲ್ಪ ಜಾಗ್ರತೆ ಬೇಕು. ಎಷ್ಟೋ ಕಡತಗಳಲ್ಲಿ ಲೈಂಗಿಕ ರೋಗದ ಚಿಕಿತ್ಸೆ, ಕುಡಿತದ ದಂಡ, ಗೈರುಹಾಜರಿ ಇರುತ್ತದೆ. ಮೊದಲು ಒಬ್ಬರೇ ಪೂರ್ತಿ ಓದಿ, ಆಮೇಲೆ ಮನೆಯವರಿಗೆ ಕೊಡಿ. ಆದರೆ ಆ ಪುಟವನ್ನು ತೆಗೆದುಹಾಕಿ ಕೊಡಬೇಡಿ. ನಮ್ಮ ಕಡತದಲ್ಲಿ ಲಂಡನ್‌ನಲ್ಲಿ ಎರಡು ದಿನ ಗೈರು ಎಂದಿತ್ತು, ಸಂಬಳ ಕಡಿತ. ಅಳಿಯ ಸುಮ್ಮನಾದ. ತೊಡೆಯ ಗಾಯ ಮಾಗಿ, ಮತ್ತೆ ಫ್ರಾನ್ಸಿಗೆ ಕಳಿಸುವ ಆರು ದಿನ ಮೊದಲಿನ ತಾರೀಕು ಅದು. ಎರಡು ತಾರೀಕನ್ನೂ ಅಕ್ಕಪಕ್ಕ ಬರೆದು ತೋರಿಸಿದೆ, ಬೇರೆ ಏನೂ ಹೇಳಲಿಲ್ಲ.

ಅವರು 1919ರ ಜೂನ್‌ನಲ್ಲಿ ಊರು ಸೇರಿದರು. ತಡೆದಿಟ್ಟ ಒಂದು ಶಿಲಿಂಗಿನ ಲೆಕ್ಕ ಮೊಮ್ಮಗಳದ್ದು: ಹಡಗು ಹತ್ತಿದಂದಿನಿಂದ ಸುಮಾರು 850 ದಿನ, 20 ಶಿಲಿಂಗಿಗೆ ಒಂದು ಪೌಂಡ್, 42 ಪೌಂಡ್ 10 ಶಿಲಿಂಗ್. ಇದು ಎಡಪುಟದ ಲೆಕ್ಕ. ಯುದ್ಧದ ನಂತರದ ಪಿಂಚಣಿ, ಚಿಕಿತ್ಸೆಯ ಕಡತಗಳು ಬೇರೆ ಇವೆ. ಅವು ಎಲ್ಲವೂ ಸ್ಕ್ಯಾನ್ ಆಗಿಲ್ಲ, ನಕಲಿಗೆ ದುಡ್ಡು ಕಟ್ಟಬೇಕು.

ನಮ್ಮ ಕಡೆಯವರು ಯಾರಾದರೂ ಆ ಯುದ್ಧಗಳಿಗೆ ಹೋಗಿ ಮಡಿದಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹುಡುಕಿ. ಎರಡೂ ಮಹಾಯುದ್ಧಗಳ ಭಾರತೀಯರ ಹೆಸರು ಅಲ್ಲಿವೆ, ಅದೂ ಉಚಿತ. ಬದುಕಿ ಬಂದವರಾದರೆ ಪೆಟ್ಟಿಗೆಯಲ್ಲಿ ಪದಕ ಇದೆಯೋ ನೋಡಿ. ಮೊದಲ ಮಹಾಯುದ್ಧದ ಪದಕದ ಅಂಚಿನಲ್ಲಿ ನಂಬರ್, ಹೆಸರು, ದಳ ಕೊರೆದಿರುತ್ತದೆ. ಹುಣಸೆ ಹಚ್ಚಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ. ಓರೆಯಾಗಿ ಬೆಳಕು ಬಿಟ್ಟು ಫೋಟೋ ತೆಗೆಯಿರಿ.

ಕಡತ ಮುಗಿದ ದಿನ ಮೊಮ್ಮಗಳು ಕೇಳಿದಳು, "ಅಜ್ಜಿ, ನಿಮ್ಮ ಅಜ್ಜನ ಕಡತ ಎಲ್ಲಿದೆ?" ನನ್ನ ಅಜ್ಜಯ್ಯನಿಗೂ ಅವರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಬಾರ್ಕೂರಿನಲ್ಲಿ ಧಣಿಗಳ ಗದ್ದೆ ಚಾಲಗೇಣಿಗೆ ಮಾಡಿಕೊಂಡು ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಅಳೆದು ಕೊಡುತ್ತಿದ್ದವರು. ಪಟ್ಟಾ ಧಣಿಗಳ ಹೆಸರಿನಲ್ಲಿ. ಅಜ್ಜಯ್ಯನ ಹೆಸರು ಸರಕಾರದ ಕಾಗದಕ್ಕೆ ಬಂದದ್ದನ್ನು ನಾನು ಕಂಡದ್ದು ಒಂದೇ ಕಡೆ, ಅದೂ ಅವರು ತೀರಿಹೋದ ಮೇಲೆ. 1974ರ ಭೂಸುಧಾರಣೆಯ ತಿದ್ದುಪಡಿ ಬಂದು ಅಪ್ಪಯ್ಯ ಗೇಣಿಯ ಗದ್ದೆ ತಮ್ಮ ಹೆಸರಿಗೆ ಮಾಡಿಕೊಡಿ ಎಂದು ನಮೂನೆ 7ರ ಡಿಕ್ಲರೇಷನ್ ಕೊಟ್ಟಾಗ, ಅರ್ಜಿದಾರರ ತಂದೆಯ ಹೆಸರು ಎಂಬ ಜಾಗದಲ್ಲಿ. ಅದರ ನಕಲು ನನ್ನ ಹತ್ತಿರ ಉಂಟು. ಅವಳಿಗೆ ತೋರಿಸಿದೆ. ಒಂದೇ ಪದ. "ಎತ್ತರ ಎಷ್ಟು?" ಎಂದಳು.

ಮರುದಿನ ಬಾರ್ಕೂರಿನ ಮೂಲಮನೆಗೆ ಹೋದೆವು. ನನ್ನ ದೊಡ್ಡಣ್ಣನಿಗೆ ಈಗ ಎಂಬತ್ತು, ಅಜ್ಜಯ್ಯನನ್ನು ಕಣ್ಣಾರೆ ಕಂಡವನು. ಪ್ರಶ್ನೆ ಕೇಳಿ ಅವನು ನಡುಬಾಗಿಲ ಹತ್ತಿರ ಹೋಗಿ ಮೇಲಿನ ದಾರಂದಕ್ಕೆ ಕೈಯಿಟ್ಟ. "ಇಲ್ಲ್ ಕಾಣ್, ಅಜ್ಜಯ್ಯ ಬಗ್ದೇ ಹೊಕ್ರೆ ಹಣಿ ತಾಗ್ತಿತ್ತ್" ಎಂದ. ಮೊಮ್ಮಗಳು ಟೇಪು ಹಿಡಿದಳು. ಹೊಸ್ತಿಲಿನಿಂದ ದಾರಂದಕ್ಕೆ 5 ಅಡಿ 2 ಅಂಗುಲ. ಹಣೆಯ ಮೇಲೆ ನೆತ್ತಿಯವರೆಗೆ ಇನ್ನೆರಡು ಅಂಗುಲ ಸೇರಿಸಬಹುದೇ ಎಂದು ನನ್ನ ಮುಖ ನೋಡಿದಳು. ಸೇರಿಸು, ಆದರೆ ಎಡಪುಟದಲ್ಲಿ ಬರೆ ಎಂದೆ.